ಹಾಲು ಬಿಡುವ ಕಲ್ಲು

ಸಾರವಾಡದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಸ್ತೆಯ ಪಕ್ಕದ ಬೇವಿನ ಗಿಡದ ಕೆಳಗೆ ಒಬ್ಬ ಹೆಣ್ಣುಮಗಳು ಸೀರೆಯ ಕಚ್ಚೆ ಬಿಗಿಮಾಡಿ, ಮಂಡಿಯೂರಿ ಕೂತು, ದೇವರ ಮೈಮೇಲಿನ ಹೂವು ತೆಗೆಯುತ್ತಿದ್ದಾಳೆ. ನಿನ್ನೆಯ ಚೆಂಡುಹೂವುಗಳನ್ನು ಗಿಡದ ಬುಡಕ್ಕೆ ಸರಿಸುತ್ತಾಳೆ. ತಂಬಿಗೆಯ ನೀರು ಸುರಿದು, ಅಂಗೈಯಿಂದ ತಿಕ್ಕಿ, ಕುಂಕುಮ ತೊಳೆಯುತ್ತಾಳೆ. ಪೂಜೆಗೆ ಬಂದವಳಿರಬೇಕು ಎಂದು ದೂರದಿಂದಲೇ ಕೈಮುಗಿದು ಹೋಗುವವರು ಒಂದು ಗಳಿಗೆ ನಿಂತು ನೋಡಿದರೆ ಎದೆ ಧಸಕ್ಕೆನ್ನಬೇಕು. ಏಕೆಂದರೆ ಆಕೆ ಬುಟ್ಟಿಯಿಂದ ಕುಡುಗೋಲೊಂದನ್ನು ಹಿರಿದು, ದೇವರ ನಡುಮೈ ಮೇಲಿಟ್ಟು, ಸರ್ರನೆ ಎಳೆಯುತ್ತಾಳೆ.

ಕಲ್ಲು ಮೊದಮೊದಲು ಒಣ ದನಿಯಲ್ಲಿ ಗೊಣಗುತ್ತದೆ. ಕುಡುಗೋಲು ಹೋಗಿ ಬಂದು ಮಾಡುತ್ತಿದ್ದಂತೆ ದನಿ ತೆಳ್ಳಗಾಗುತ್ತದೆ, ಕಲ್ಲಿನ ತಗ್ಗಿನಲ್ಲಿ ನಿಂತ ನೀರು ಬೂದುಬಣ್ಣಕ್ಕೆ ತಿರುಗಿ ದಪ್ಪಗಾಗುತ್ತದೆ. ಆಕೆ ಅದರಲ್ಲಿ ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ ನೋಡುತ್ತಾಳೆ. ಮುಖ ಸಡಿಲವಾಗುತ್ತದೆ.

"ಈಗ ಹಾಲ ಬಿಡ್ತ ನೋಡ್ರಿ. ಇನ್ನ ಕೆಲಸಕ್ಕ ಹತ್ತತೈತಿ."

ಹಾಲು ಎಂದರೆ ಇಷ್ಟೇ: ಕಲ್ಲಿನ ಹುಡಿ, ಕಬ್ಬಿಣದ ಹುಡಿ, ನೀರು, ಈ ಮೂರೂ ಕೂಡಿದ ರಾಡಿ. ಸೀರೆಗೆ ತಾಗಿದರೆ ನಾವು ನೀವು ಗೊಣಗಿಕೊಂಡು ತೊಳೆದುಕೊಳ್ಳುವ ರಾಡಿ. ಆದರೆ ತಲೆತಲಾಂತರದಿಂದ ಕಬ್ಬಿಣಕ್ಕೆ ಅಂಚು ಕೊಡುತ್ತ ಬಂದ ಮನೆಯವರ ಬಾಯಲ್ಲಿ ಅದಕ್ಕೆ ಹಾಲೆಂದೇ ಹೆಸರು. ಅಂಚನ್ನು ಸವರಿ ಚೂಪು ಮಾಡುವುದು ಕಲ್ಲಲ್ಲ, ಈ ಹಾಲು ಎಂದು ಆಕೆಯ ಲೆಕ್ಕ. ಹಾಲು ಬಿಡದ ಕಲ್ಲಿನ ಮೇಲೆ ಸಂಜೆಯ ತನಕ ಎಳೆದರೂ ಕುಡುಗೋಲು ಹೊಳೆದೀತೇ ಹೊರತು ಹುಲ್ಲುಕಡ್ಡಿಯನ್ನೂ ಕೊಯ್ಯದು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಬೇವಿನ ಬೊಡ್ಡೆಯ ಮೇಲೆ, ಆಳೆತ್ತರದಲ್ಲಿ, ಯಾರೋ ಅಂಟಿಸಿರುವ ಎರಡು ಬೆಳ್ಳಿಬಣ್ಣದ ಕಣ್ಣುಗಳನ್ನೂ ಗಮನಿಸಿರಬೇಕು. ಎರಡಕ್ಕೂ ಸಂಬಂಧವಿದೆ.

ಆಕೆಯ ಹೆಸರು ಸಕ್ರವ್ವ. ವಯಸ್ಸು ನಲವತ್ತರ ಆಸುಪಾಸು. ಇರುವುದು ವಿಜಾಪುರದಲ್ಲಿ, ಗೋಳಗುಮ್ಮಟದ ಹಿಂಬದಿಯ ಓಣಿಯೊಂದರಲ್ಲಿ. ಗಂಡನ ಮನೆಯವರ ಮೂಲ ಟಿಕೋಟಾ. ವಿಜಾಪುರ, ಟಿಕೋಟಾ, ಬಬಲೇಶ್ವರ, ನಡುವೆ ಸಾರವಾಡ: ಇವಿಷ್ಟು ಊರುಗಳ ಕುಡುಗೋಲು, ಕುರ್ಪಿ, ಕೊಡಲಿ, ಬಡಿಗರ ಉಳಿ ಬಾಚಿ, ಕ್ಷೌರದ ಕತ್ತಿ, ಕುರುಬರ ಉಣ್ಣೆಗತ್ತರಿ, ಅಡಿಗೆಮನೆಯ ಈಳಿಗೆ, ಎಲ್ಲವೂ ಯಾವಾಗಲೋ ಒಮ್ಮೆ ಆಕೆಯ ಕೈಯಲ್ಲಿ ಹಾಯ್ದು ಹೋಗಿವೆ. ಮೋಟಾರಿಗೆ ಹತ್ತುವಾಗ ತಲೆಯ ಮೇಲಿನ ಬುಟ್ಟಿ ಕಂಡು ಕಂಡಕ್ಟರ್ "ಏನವ್ವಾ, ಮತ್ತ ಗುಡ್ಡ ಹೊತ್ತಕೊಂಡ ಬಂದಿ?" ಎಂದು ಚೇಷ್ಟೆ ಮಾಡುತ್ತಾನೆ. ಸಕ್ರವ್ವ ಬುಟ್ಟಿಯನ್ನು ಅವನ ಕಾಲಬುಡದಲ್ಲೇ ಇಳಿಸಿ ಕೂಡುತ್ತಾಳೆ. ಅವನ ಮನೆಯ ಈಳಿಗೆಯೂ ಅದರಲ್ಲೇ ಇರುತ್ತದೆ.

ಗುಮ್ಮಟ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮೇಲೇರಿ ಗೋಡೆಗೆ ಕಿವಿಯಿಟ್ಟು ಪಿಸುಮಾತು ಕೇಳಿ ಬೆರಗಾಗುತ್ತಾರೆ. ಕೆಳಗಿಳಿದು ಬಂದವರು ಅಂಗಡಿಸಾಲಿನಲ್ಲಿ ಇನ್ನೊಂದು ಬೆರಗಿಗೆ ನಿಲ್ಲುತ್ತಾರೆ. ಅಲ್ಲಿ ಕಾಲಿನಿಂದ ತುಳಿದು ಸಾಣೆಚಕ್ರ ತಿರುಗಿಸುವವನೊಬ್ಬನಿದ್ದಾನೆ. ಕತ್ತರಿ ತಾಗಿಸಿದರೆ ಸಾಕು, ಕಿಡಿ ಚಿಮ್ಮುತ್ತವೆ, ಮಕ್ಕಳು ಹೋ ಎನ್ನುತ್ತಾರೆ. ಸಕ್ರವ್ವನ ಸುತ್ತ ಯಾರೂ ಹಾಗೆ ನೆರೆಯುವುದಿಲ್ಲ. ಆಕೆಯ ಕೆಲಸದಲ್ಲಿ ಕಿಡಿಯೂ ಇಲ್ಲ, ಗದ್ದಲವೂ ಇಲ್ಲ. ಚಕ್ರದವನ ಮೇಲೆ ಆಕೆಗೆ ಸಿಟ್ಟೇನೂ ಇಲ್ಲ, ಅವನ ಕೆಲಸದ ಮೇಲೆ ಒಂದಿಷ್ಟು ತಕರಾರು ಇದೆ ಅಷ್ಟೆ.

"ಆ ಕಿಡಿ ಅಂದ್ರ ಏನಂತ ತಿಳದೀರಿ? ನಿಮ್ಮ ಕತ್ತರೀನ ಅದು. ಹಾರಿ ಹೊಂಟೈತಿ, ನೀವು ನಿಂತು ಚಂದ ನೋಡಾಕತ್ತೀರಿ."

ಈ ವಿದ್ಯೆ ಆಕೆಗೆ ತವರಿನಿಂದ ಬಂದದ್ದಲ್ಲ. ಕಲಿಸಿದವರು ಮಾವ ಗುರಣ್ಣ. ನ್ಯಾಯವಾಗಿ ಗುರಣ್ಣನ ಮಗ, ಆಕೆಯ ಗಂಡ ರಾಮಲಿಂಗ ಕಲಿಯಬೇಕಿತ್ತು. ಆದರೆ ರಾಮಲಿಂಗನದು ಅವಸರದ ಕೈ; ಎರಡು ಎಳೆತ ಎಳೆದು ಮೂರನೆಯದಕ್ಕೆ ಆಕಳಿಸುತ್ತಿದ್ದ. ಅಡತಿ ಅಂಗಡಿಯಲ್ಲಿ ಚೀಲ ಹೊರುವ ಕೆಲಸ ಅವನಿಗೆ ಸರಿಹೋಯಿತು, ಈಗಲೂ ಅದೇ ಮಾಡುತ್ತಾನೆ. ಗುರಣ್ಣನಿಗೆ ಚಿಂತೆ ಹತ್ತಿತು. ಒಂದು ಮುಂಜಾನೆ ಒಲೆಯ ಮುಂದೆ ಸೊಸೆ ಜೋಳದ ರೊಟ್ಟಿ ಬಡಿಯುವುದನ್ನು ಮುದುಕ ಸುಮ್ಮನೆ ನೋಡುತ್ತ ಕೂತಿದ್ದ. ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾಯಿತು, ಎಲ್ಲೂ ದಪ್ಪವಿಲ್ಲ, ಎಲ್ಲೂ ಹರಿಯಲಿಲ್ಲ. ಮುದುಕ ಎದ್ದುಹೋಗಿ ಒಂದು ಉಳಿಯನ್ನೂ ಒಂದು ಕಲ್ಲನ್ನೂ ತಂದು ಆಕೆಯ ಮುಂದಿಟ್ಟ.

"ಮಾಂವಾರು ಅಂದ್ರು, ನಿನ್ನ ಅಂಗೈಗೆ ಭಾರ ಎಲ್ಲೆಲ್ಲಿ ಎಷ್ಟೆಷ್ಟ ಹಾಕಬೇಕಂತ ಗೊತ್ತೈತಿ, ಇದನ್ನೂ ರೊಟ್ಟೀ ಹಂಗ ತಿಳಕೋ ಅಂದ್ರು. ನನಗ ನಗು ಬಂತ್ರಿ. ಉಳಿ ಸುಟಗೊಂಡ ತಿನ್ನಾಕ ಬರತೈತೇನು ಅಂದೆ. ತಿನ್ನಾಕ ತಂದ ಕೊಡತೈತಿ ಅಂದ್ರು."

ಗುರಣ್ಣ ತೀರಿಹೋಗಿ ಬಹಳ ವರ್ಷಗಳಾದವು. ಆತ ಬಿಟ್ಟುಹೋದ ಆಸ್ತಿ ಮೂರು ಕಲ್ಲು. ಒಂದು, ಬಾದಾಮಿ ಕಡೆಯ ಕೆಂಪು ಕಲ್ಲು: ಒರಟು, ಮುಕ್ಕಾದ ಕೊಡಲಿಗೆ, ಹಲ್ಲುಬಿದ್ದ ಕುಡುಗೋಲಿಗೆ ಮೊದಲ ಮದ್ದು. ಇನ್ನೊಂದು ಕರಿಯದು, ಅಂಗೈಯಗಲದ್ದು, ಊರಿಂದೂರಿಗೆ ಬುಟ್ಟಿಯಲ್ಲಿ ತಿರುಗುತ್ತದೆ. ಮೂರನೆಯದೇ ಈ ಸಾರವಾಡದ ಕಲ್ಲು. ಮಲಗಿದ ಕರುವಿನಷ್ಟು ಉದ್ದ, ಹಸಿರು ಮಿಶ್ರಿತ ಕಪ್ಪು ಬಣ್ಣ, ಮುಟ್ಟಿದರೆ ಬೇಸಿಗೆಯಲ್ಲೂ ತಂಪು. ನಡುವೆ ಕುಡುಗೋಲು ಎಳೆದು ಎಳೆದು ಬಿದ್ದ ತಗ್ಗು. ಒಂದು ತುದಿ ಮಾತ್ರ ಸಪಾಟು, ಅದು ಉಳಿಗೆ ಮತ್ತು ಕ್ಷೌರದ ಕತ್ತಿಗೆ ಮೀಸಲು. ಕೆಳಗಿನ ಮೈ ಹೊಲದ ಬಂಡೆಯ ಹಾಗೆ ಒರಟು, ಉಪಯೋಗಕ್ಕೆ ಬಾರದು. ಎಲ್ಲಿಂದ ಬಂತು ಎಂದು ಕೇಳಿದರೆ ಮನೆಯಲ್ಲಿ ಎರಡು ಕತೆಗಳಿವೆ. ಬಾದಶಹರ ಕಾಲದಲ್ಲಿ ಯಾರೋ ಇದರ ಮೇಲೆ ಕತ್ತಿ ಮಸೆಯುತ್ತಿದ್ದರು ಎಂದು ಒಂದು. ಗುರಣ್ಣನ ಅಜ್ಜ ಹಳ್ಳದಲ್ಲಿ ಕಾಲು ತೊಳೆಯುವಾಗ ಹಿಮ್ಮಡಿಗೆ ತಂಪೆನಿಸಿ ಎತ್ತಿಕೊಂಡು ಬಂದ ಎಂದು ಇನ್ನೊಂದು. ಸಕ್ರವ್ವ ಎರಡನ್ನೂ ಹೇಳುತ್ತಾಳೆ, ಕೇಳಿದವರ ಮುಖ ನೋಡಿ ಒಂದನ್ನು ಮುಂದೆ ಮಾಡುತ್ತಾಳೆ.

ಸಾರವಾಡಕ್ಕೆ ಅದನ್ನು ಚಕ್ಕಡಿಯಲ್ಲಿ ತಂದು ಹಾಕಿದವನು ಗುರಣ್ಣನೇ. ವಿಜಾಪುರದಿಂದ ಬಬಲೇಶ್ವರಕ್ಕೆ ಹೋಗುವವರೂ ಬರುವವರೂ ಈ ಬೇವಿನ ನೆರಳಲ್ಲಿ ಕೂತೇ ಹೋಗಬೇಕು, ಇಲ್ಲಿದ್ದರೆ ಎಲ್ಲರ ಕೈಗೂ ಸಿಗುತ್ತದೆ ಎಂದು ಆತನ ಎಣಿಕೆ. ಅಷ್ಟು ಭಾರದ್ದನ್ನು ಮತ್ತೆ ಎತ್ತುವ ಮಾತೇ ಬರಲಿಲ್ಲ, ಕದ್ದೊಯ್ಯುವವರೂ ಹುಟ್ಟಲಿಲ್ಲ. ಸಂತೆಯ ಹಿಂದುಮುಂದಿನ ದಿನಗಳಲ್ಲಿ ಸಕ್ರವ್ವ ಮೊದಲ ಮೋಟಾರಿಗೆ ಮುಂಚೆಯೇ ತಲುಪಲೆಂದು ಹಿಂದಿನ ಸಂಜೆಯೇ ಬಂದು ಊರಲ್ಲಿ ಉಳಿಯುತ್ತಾಳೆ, ಮಧ್ಯಾಹ್ನದ ತನಕ ಇಲ್ಲಿ ಕೂಡುತ್ತಾಳೆ. ನುಣುಪಾದ ಕೆಲಸವೆಲ್ಲ ಈ ಕಲ್ಲಿಗೆ. ಬೇರೆ ಕಲ್ಲಿನ ಮೇಲೆ ಕ್ಷೌರದ ಕತ್ತಿ ಸಿದ್ಧವಾಗುವುದಿಲ್ಲ, ಬಡಿಗರ ಉಳಿ ಸಾಗವಾನಿಯ ಮೈಯನ್ನು ಸೀಳುತ್ತದೆಯೇ ಹೊರತು ಸವರುವುದಿಲ್ಲ. ಒಂದು ಮಾತಿನಲ್ಲಿ ಹೇಳಬೇಕೆಂದರೆ, ಈ ಕಲ್ಲಿಲ್ಲದಿದ್ದರೆ ಸಕ್ರವ್ವ ಈಳಿಗೆ ಮಸೆಯುವ ಹೆಂಗಸು ಅಷ್ಟೆ.

ಹೀಗಿರುವಾಗ ಎರಡು ವರ್ಷದ ಹಿಂದೆ ಕಲ್ಲು ದೇವರಾಯಿತು.

ಆ ಭಾದ್ರಪದದಲ್ಲಿ ಡೋಣಿ ಹೊಳೆ ತುಂಬಿ ಬಂತು. ಡೋಣಿ ಹಾಗೆಯೇ, ವರ್ಷವೆಲ್ಲ ಸವಳು ನೀರಿನ ಸಣ್ಣ ಹರಿವಾಗಿದ್ದು, ಒಂದು ದಿನ ಯಾರಿಗೂ ಹೇಳದೆ ಹೊಲಗಳ ಮೇಲೆ ಹಾಯುತ್ತದೆ. ಸಕ್ರವ್ವ ಆಗ ಚಳಿಜ್ವರ ಬಂದು ವಿಜಾಪುರದ ಮನೆಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದಳು. ಸಾರವಾಡದಲ್ಲಿ ನೀರು ತಗ್ಗು ಹೊಲ ದಾಟಿತು, ರಸ್ತೆ ದಾಟಿತು, ಬೇವಿನ ಗಿಡದ ತನಕ ಬಂತು. ಗಿಡದ ಹಿಂದಿನ ಮೊದಲ ಮನೆ ಮುದುಕವ್ವ ಎಂಬಾಕೆಯದು. ಮಣ್ಣಿನ ಗೋಡೆ, ನೀರು ತಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಕ್ಕಳು ಮೊಮ್ಮಕ್ಕಳು ಕಾಳಿನ ಚೀಲ ಹೊತ್ತು ಹೊರಬಿದ್ದರೂ ಮುದುಕಿ ಮಾತ್ರ ಹೊಸ್ತಿಲಲ್ಲಿ ನೀರು ನೋಡುತ್ತ ಕೂತಿದ್ದಳು. ಮುಂದಿನದನ್ನು ಆಕೆಯ ಬಾಯಲ್ಲೇ ಕೇಳಬೇಕು.

"ಹೊಳಿ ಬಂತು ನೋಡಪಾ, ಬಂತು, ಬಂತು, ಈ ಕಲ್ಲ ಮುಟ್ಟಿ ನಿಂತಬಿಡ್ತು. ನಾ ಇದ್ದ ದೇವರನೆಲ್ಲಾ ಕರದಿದ್ನಿ, ಒಬ್ಬರೂ ಓ ಅನ್ನಲಿಲ್ಲ. ಕಲ್ಲ ನಿಂದ್ರಿಸ್ತು. ಮ್ಯಾಲ ಒಂದ ಬಟ್ಟಿನಷ್ಟೂ ಏರಲಿಲ್ಲ. ಹೊತ್ತ ಹೊಂಡೂದ್ರಾಗ ಹಿಂದ ಸರದಿತ್ತು."

ಅದು ಸಕ್ರವ್ವನ ಮಸೆಗಲ್ಲು ಎಂದು ಆಕೆಗೆ ಗೊತ್ತಿರಲಿಲ್ಲವೆ ಎಂದು ಕೇಳಿದರೆ ಮುದುಕಿಗೆ ಸಿಟ್ಟು ಬರುತ್ತದೆ. "ನನಗ ಗೊತ್ತೈತಿ. ಹೊಳಿಗಿ ಗೊತ್ತಿರಲಿಲ್ಲಲ್ಲ!"

ಉಳಿದವರ ಮನೆಯೂ ಉಳಿದಿತ್ತು. ಆ ದಿನವೇ ಮುದುಕವ್ವ ಕಲ್ಲಿನ ಮೇಲಿನ ಕೆಸರು ತೊಳೆದು, ಕುಂಕುಮ ಹಚ್ಚಿ, ಮನೆಯಲ್ಲಿದ್ದ ಕುಸುಬಿ ಎಣ್ಣೆ ಎರೆದಳು. ಮರುದಿನ ನೆರೆಮನೆಯ ಚಂದ್ರಾಬಾಯಿ ಎರೆದಳು. ಆಮೇಲೆ ದಿನಕ್ಕೊಬ್ಬರು. ಯಾರೋ ಸಂತೆಯಿಂದ ಬೆಳ್ಳಿಬಣ್ಣದ ಕಣ್ಣು ತಂದು ಮೇಣದಿಂದ ಕಲ್ಲಿಗೆ ಅಂಟಿಸಿದರು. ಕುಸುಬಿ ಎಣ್ಣೆಯ ಗುಣ ಈ ಕಡೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಎಣ್ಣೆ ಚೆಲ್ಲಿದ ಹಲಗೆಯನ್ನು ಆಗಲೇ ಒರೆಸದೆ ಬಿಟ್ಟರೆ ಒಣಗಿ ಜಿಗಟಾಗಿ, ಕೊನೆಗೆ ಉಗುರಿಗೂ ಏಳದಂತೆ ಕೂಡುತ್ತದೆ. ಆದರೆ ದೇವರಿಗೆ ಎರೆಯುವಾಗ ಹಲಗೆಯ ನೆನಪು ಯಾರಿಗೆ ಬರುತ್ತದೆ?

ದೀಪಾವಳಿಯ ಹೊತ್ತಿಗೆ ಸಕ್ರವ್ವ ಎದ್ದು ಓಡಾಡುವಂತಾಗಿ ಸಾರವಾಡಕ್ಕೆ ಬಂದಳು. ಮೋಟಾರಿನಿಂದಿಳಿದು ಬುಟ್ಟಿ ಹೊತ್ತು ಗಿಡದ ಕಡೆ ನಡೆದವಳು ಅರ್ಧದಲ್ಲೇ ನಿಂತಳು. ಕಲ್ಲು ಆಕೆಯನ್ನು ನೋಡುತ್ತಿತ್ತು.

"ಇಷ್ಟ ದಿನಾ ನಾ ಅದನ್ನ ನೋಡತಿದ್ನಿ, ಅವತ್ತ ಅದು ನನ್ನ ನೋಡಾಕ ಹತ್ತಿತ್ತು."

ಹೆಂಗಸರು ಸುತ್ತುಗಟ್ಟಿ ಕತೆ ಹೇಳಿದರು. ಸಕ್ರವ್ವ ತಲೆದೂಗಿದಳು. ಎಲ್ಲರೂ ಚದುರಿದ ಮೇಲೆ ಮೆಲ್ಲಗೆ ಕೂತು, ತಂಬಿಗೆಯಿಂದ ನೀರು ಚಿಮುಕಿಸಿದಳು. ಒಳ್ಳೆಯ ಮಸೆಗಲ್ಲು ನೀರು ಕುಡಿಯುತ್ತದೆ, ಹನಿ ಬಿದ್ದಲ್ಲೇ ಹರಡಿ ಕಪ್ಪಾಗುತ್ತದೆ. ಇಲ್ಲಿ ಹನಿ ಹನಿಯಾಗಿಯೇ ನಿಂತಿತು. ಆಕೆ ಆಚೀಚೆ ನೋಡಿ, ಕಣ್ಣು ತಪ್ಪಿಸಿ, ಸಪಾಟು ತುದಿಯಲ್ಲಿ ಒಂದು ಉಳಿ ಎಳೆದಳು. ಬೆಣ್ಣೆಯ ಮೇಲೆ ಎಳೆದ ಹಾಗೆ ಜಾರಿತು. ಕಲ್ಲು ಕಚ್ಚಲಿಲ್ಲ, ಹಾಲು ಬಿಡಲಿಲ್ಲ. ಮಾವ ತೀರಿದ ದಿನ ಎಲ್ಲರೆದುರು ಅಳದಿದ್ದವಳು ಅಂದು ಗಿಡದ ಕೆಳಗೆ ಸೆರಗು ಬಾಯಿಗೊತ್ತಿ ಅತ್ತಳು. ಕೇಳುವವರು ಇರಲಿಲ್ಲ, ಕಣ್ಣು ಬಿಟ್ಟುಕೊಂಡ ಕಲ್ಲೊಂದನ್ನು ಬಿಟ್ಟರೆ.

ಆ ಹಂಗಾಮಿನ ಮೊದಲ ದಿನಗಳು ಆಕೆಯ ಪಾಲಿಗೆ ಕೆಟ್ಟವು. ಬುಟ್ಟಿಯ ಕರಿಕಲ್ಲಿನ ಮೇಲೆಯೇ ಎಲ್ಲ ಕೆಲಸ ಮುಗಿಸಿದಳು. ಬಬಲೇಶ್ವರದಲ್ಲಿ ಕ್ಷೌರದ ಅಂಗಡಿಯ ಶಾಂತಪ್ಪ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಮರಳಿ ತಂದುಕೊಟ್ಟ. "ಏನ ಮಸದೀಬೇ ಸಕ್ರವ್ವಾ? ಗಿರಾಕಿ ಗಲ್ಲಾ ಹಿಡಕೊಂಡ ಓಡಾಕತ್ತಾರ. ಊರಾಗ ಬ್ಲೇಡ ಬಂದಾವು, ನಾ ಅವನ್ನ ತರಸ್ತೇನಿ ಮತ್ತ," ಎಂದ. ಹೆದರಿಸಲು ಹೇಳಿದ್ದಲ್ಲ, ಅವನೂ ಬೇಸರದಲ್ಲೇ ಹೇಳಿದ. ಬಡಿಗರ ಉಳಿಗಳು ಬರುವುದೇ ನಿಂತಿತು. ಮುಂದೆ ಗೋಧಿ ಕೊಯ್ಲು, ಜೋಳದ ತೆನೆ ಕೊಯ್ಲು. ಆ ದಿನಗಳಲ್ಲಿ ಕೈ ತಪ್ಪಿದ ಊರು ಮತ್ತೆ ಕೈಗೆ ಬರುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

ಮನೆಯಲ್ಲಿ ರಾಮಲಿಂಗ ತನ್ನ ಸ್ವಭಾವಕ್ಕೆ ತಕ್ಕಂತೆ ಎರಡು ಅವಸರದ ದಾರಿ ತೋರಿಸಿದ. ಮೊದಲನೆಯದು, ಕಲ್ಲಿನ ಗೊಡವೆ ಬಿಟ್ಟು ಸಾಣೆಚಕ್ರ ಮಾಡಿಸುವುದು. ಅದನ್ನು ಆಕೆ ಆಗಲೇ ತಳ್ಳಿಹಾಕಿದಳು. ಎರಡನೆಯದು ಬಹಳ ಸುಲಭದ್ದು.

"ಆ ಕಲ್ಲಿನ ಅವ್ವ ಕನಸಿನಾಗ ಬಂದಿದ್ಲು, ಎಣ್ಣಿ ಹಾಕಬ್ಯಾಡ್ರಿ ಅಂದ್ಲು ಅಂತ ಹೇಳಿಬಿಡು. ಮುಗದ ಹೋತು."

"ಕನಸ ಬಿದ್ದಿಲ್ಲಲ್ರಿ."

"ಬಿದ್ದಿಲ್ಲ ಅಂತ ಯಾರ ಬಂದ ನೋಡ್ಯಾರ?"

"ನಾ ನೋಡೇನಿ," ಎಂದಳು ಸಕ್ರವ್ವ. ಆ ಹೆಂಗಸರು ಎರೆದದ್ದು ಒಗ್ಗರಣೆಯಲ್ಲಿ ಮಿಗಿಸಿದ ಎಣ್ಣೆ. ಅಂಥವರ ಮುಂದೆ ಬೀಳದ ಕನಸು ಹೇಳುವುದು ಆಕೆಗೆ ಬಾಯಿಗೆ ಬರಲಿಲ್ಲ. ಹಾಗೆಂದು ನನ್ನ ಕಲ್ಲು ನನಗೆ ಕೊಡಿ ಎಂದು ಜಗಳಕ್ಕೆ ನಿಲ್ಲುವುದೂ ಆಗಲಿಲ್ಲ. ಹೊಳೆಯನ್ನೇ ನಿಲ್ಲಿಸಿದೆ ಎಂದು ನಂಬಿದವರ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಹೇಗೆ?

ಕೊನೆಗೆ ಆಕೆ ಮಾಡಿದ್ದು ದೊಡ್ಡದೇನೂ ಅಲ್ಲ. ಮುಂದಿನ ಸಂತೆಗೆ ಹೋದಳು. ಮುದುಕವ್ವ, ಚಂದ್ರಾಬಾಯಿ, ಇನ್ನಷ್ಟು ಹೆಂಗಸರು ಮುಂಜಾನೆ ಎಣ್ಣೆಯ ಬಟ್ಟಲು ಹಿಡಿದು ಗಿಡದ ಹತ್ತಿರ ಸೇರಿದ್ದರು. ಯಾಕೆ ಇತ್ತೀಚೆಗೆ ಇಲ್ಲಿ ಕೂಡುವುದಿಲ್ಲ, ಕುಡುಗೋಲು ಮಸೆಯುವುದಿಲ್ಲ ಎಂದು ಚಂದ್ರಾಬಾಯಿ ಕೇಳಿದಳು. ಸಕ್ರವ್ವ ತನ್ನ ಕಸುಬಿನ ಮಾತಿನಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಹ್ಯಾಂಗ ಮಸೀಲಿ ಯಕ್ಕಾ? ಎಣ್ಣಿ ಕುಡದ ಕುಡದ ಕಲ್ಲ ಹಾಲ ಬಿಡವಲ್ದು."

ಚಂದ್ರಾಬಾಯಿ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು. ಎಲ್ಲರ ಮುಖ ಮುದುಕವ್ವನ ಕಡೆ ತಿರುಗಿತು. ಮುದುಕಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

"ಏನಂದಿ? ಅವ್ವನ ಹಾಲ ಬತ್ತೇತಿ?"

ಸಕ್ರವ್ವನಿಗೆ ಆಗ ತಾನು ಆಡಿದ ಮಾತು ಬೇರೆಯೇ ಕಿವಿಗೆ ಬಿದ್ದಿದೆ ಎಂದು ಹೊಳೆಯಿತು. "ಹಂಗಲ್ಲ ಆಯಿ, ನಾವು ಹಾಲ ಅಂದ್ರ," ಎಂದು ಬಾಯಿ ತೆರೆದಳು. ಮುದುಕವ್ವ ಮುಗಿಸಗೊಡಲಿಲ್ಲ. "ನೀ ಸುಮ್ಕಿರು! ಹಾಲ ಕೊಡೂ ತಾಯಿಗಿ ನಾವು ಎಣ್ಣಿ ಕುಡಿಸೇವಿ. ಬಾಣಂತಿಗರ ಯಾರರ ಇಷ್ಟ ಎಣ್ಣಿ ಕುಡಿಸ್ತಾರೇನು? ನಡೀರಿ, ಬೂದಿ ತರ್ರಿ, ಬಿಸಿನೀರ ತರ್ರಿ, ಅಂಟವಾಳಕಾಯಿ ತರ್ರಿ!"

ಅಂದಿನ ಬೆಳಗನ್ನು ಸಕ್ರವ್ವ ಈಗಲೂ ನಗುತ್ತ, ನಡುನಡುವೆ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಾಳೆ. ಯಾರೋ ಒಲೆಯ ಬೂದಿ ತಂದರು, ಯಾರೋ ಹಂಡೆಯ ಕುದಿನೀರು ಹೊತ್ತು ತಂದರು. ಡೋಣಿಯ ದಂಡೆಯಿಂದ ಸವಳು ಮಣ್ಣು ಬಂತು. ಅಗಸರು ಬಟ್ಟೆಗೆ ಹಾಕುವಂಥದ್ದು, ಜಿಡ್ಡಿಗೆ ಅದಕ್ಕಿಂತ ಮದ್ದಿಲ್ಲ. ಕಲ್ಲನ್ನು ದೇವರು ಮಾಡಿದ ಹೊಳೆಯೇ ಅದರ ಮೈ ತೊಳೆಯಲು ಮಣ್ಣು ಕೊಟ್ಟಿತು. ತೊಳೆಯುವ ಮೊದಲು ಕಣ್ಣು ಏನು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಮುದುಕವ್ವ ಮೇಣ ಕೆತ್ತಿ ಎರಡನ್ನೂ ಬಿಡಿಸಿ, ಬೇವಿನ ಬೊಡ್ಡೆಗೆ ಅಂಟಿಸಿದಳು. "ಅಲ್ಲಿ ಕುಂತ ನೋಡ್ಕೋತ ಇರ್ಲಿ. ಕಣ್ಣಾಗ ಬೂದಿ ಬೀಳೂದು ಬ್ಯಾಡ."

ಬೂದಿ, ಕುದಿನೀರು, ಸವಳು ಮಣ್ಣು ಎಲ್ಲ ಆಗಿಯೂ ಮೈಯ ಮೇಲೆ ಒಣಗಿ ಕೂತ ಪದರ ಪೂರ್ತಿ ಬಿಡಲಿಲ್ಲ. ಅದಕ್ಕೆ ಒಂದೇ ಉಪಾಯ: ಕೆಂಪು ಕಲ್ಲಿನಿಂದ ಉಜ್ಜಿ ಹೊಸ ಮೈ ಬಿಡಿಸಬೇಕು. ಸಕ್ರವ್ವ ಬುಟ್ಟಿಯಿಂದ ಕಲ್ಲು ತೆಗೆದಳು, ಆದರೆ ಕೈ ಏಳಲಿಲ್ಲ. ಇಷ್ಟು ವರ್ಷ ತಾನೇ ಉಜ್ಜಿದ ಮೈ ಅದು. ಅಂದು ಅಷ್ಟು ಹೆಂಗಸರ ಮುಂದೆ ಅದನ್ನು ಒರಟು ಕಲ್ಲಿನಿಂದ ತಿಕ್ಕಲು ಆಕೆಗೂ ಅಂಜಿಕೆಯಾಯಿತು. ಮುದುಕವ್ವ ಕೆಂಪು ಕಲ್ಲು ಕಸಿದುಕೊಂಡು ಕೂತಳು.

"ತಾ ಇಲ್ಲೆ. ಹಡದ ಮಕ್ಕಳ ಮೈ ತಿಕ್ಕಿದ ಕೈ ಇದು. ಅತ್ರೂ ಬಿಟ್ಟಿಲ್ಲ."

ಮುದುಕಿ ತಿಕ್ಕಿದಳು, ದಣಿದಾಗ ಚಂದ್ರಾಬಾಯಿ ತಿಕ್ಕಿದಳು, ಎಲ್ಲಿ ಎಷ್ಟು ಭಾರ ಹಾಕಬೇಕು ಎಂದು ಸಕ್ರವ್ವ ಹೇಳುತ್ತ ಹೋದಳು. ಕೊನೆಗೆ ನೀರು ಚಿಮುಕಿಸಿದಾಗ ಹನಿ ನಿಲ್ಲದೆ ಹರಡಿತು. ಸಕ್ರವ್ವ ಚಂದ್ರಾಬಾಯಿಯ ಕುಡುಗೋಲನ್ನೇ ಇಸಿದುಕೊಂಡು ತಗ್ಗಿನಲ್ಲಿ ಎಳೆದಳು. ಒಂದು ಸಲ, ಇನ್ನೊಂದು ಸಲ. ಕಲ್ಲು ಗೊಣಗಿತು, ದನಿ ತೆಳ್ಳಗಾಯಿತು, ಬೂದುಬಣ್ಣದ ಹಾಲು ತಗ್ಗಿನ ಅಂಚಿಗೆ ಬಂದು ಕೂತಿತು. ಹೆಂಗಸರು ಬಾಗಿ ನೋಡಿದರು. ಒಬ್ಬಳು ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡಳು. ಆಮೇಲೆ ಎಲ್ಲರೂ ಹಚ್ಚಿಕೊಂಡರು. ಸಕ್ರವ್ವ ತಾನೂ ಹಚ್ಚಿಕೊಂಡಳು.

ಅಂದಿನಿಂದ ಸಾರವಾಡದಲ್ಲಿ ಒಂದು ಕಟ್ಟುಪಾಡು ನಡೆದುಬಂದಿದೆ. ಈ ಕಲ್ಲಿಗೆ ಎಣ್ಣೆಯಿಲ್ಲ. ಬಾವಿಯಿಂದ ಕೊಡ ಹೊತ್ತು ಬರುವ ಹೆಂಗಸರು ಒಂದು ಬೊಗಸೆ ನೀರು ಹಾಕಿ ಮುಂದೆ ಹೋಗುತ್ತಾರೆ. ಹೂವು ಕುಂಕುಮಕ್ಕೆ ಅಡ್ಡಿಯಿಲ್ಲ, ಅವು ನೀರಿಗೆ ಬಿಡುತ್ತವೆ. ಕೊಯ್ಲಿಗೆ ಇಳಿಯುವ ಮುನ್ನ ಮನೆಮನೆಯ ಕುಡುಗೋಲು ಇಲ್ಲಿಗೆ ಬಂದು ಹಾಲು ಬಿಡಿಸಿಕೊಂಡೇ ಹೊಲಕ್ಕೆ ಹೋಗಬೇಕು. ಹಾಗೆ ಬಿಡಿಸಿದರೆ ಅವ್ವನಿಗೆ ಹಗುರ ಎಂದು ನಂಬಿಕೆ. ಹಿಂದೆ ಸಕ್ರವ್ವ ಓಣಿ ಓಣಿ ಕೂಗಿಕೊಂಡು ಹೋಗಬೇಕಿತ್ತು, ಈಗ ಜೈನಾಪುರದವರೂ ಕುಡುಗೋಲು ಹಿಡಿದು ಇಲ್ಲಿಗೇ ಬರುತ್ತಾರೆ. ಶಾಂತಪ್ಪ ತರಿಸಿದ ಬ್ಲೇಡುಗಳು ಡಬ್ಬಿಯಲ್ಲೇ ಇವೆಯಂತೆ. "ಅವು ಗಡ್ಡಾ ತಗೀತಾವ್ರಿ, ಗಿರಾಕಿ ನಿದ್ದಿ ಹತ್ತೂದಿಲ್ಲ. ಈಕಿ ಮಸದ ಕತ್ತಿ ಆದ್ರ ಮಂದಿ ಕುರ್ಚಿ ಮ್ಯಾಲ ಗೊರಕಿ ಹೊಡೀತಾರ," ಎನ್ನುತ್ತಾನೆ.

ಸಕ್ರವ್ವನ ಮನಸ್ಸಿನಲ್ಲಿ ಮಾತ್ರ ಒಂದು ಮುಳ್ಳು ಉಳಿದಿತ್ತು. ಕನಸಿನ ಸುಳ್ಳು ಹೇಳದಿದ್ದವಳು ಒಂದು ಮಾತಿನ ಗೊಂದಲದಿಂದ ಅದೇ ಲಾಭ ಪಡೆದ ಹಾಗಾಯಿತಲ್ಲ ಎಂದು. ಕಳೆದ ವರ್ಷ ಕೊಯ್ಲು ಮುಗಿದ ಮೇಲೆ ಆಕೆ ಮುದುಕವ್ವನ ಮನೆಗೇ ಹೋಗಿ, ಎದುರು ಕೂತು, ಹಾಲೆಂದರೆ ಬರೀ ರಾಡಿ, ಕಸುಬಿನವರು ಹಾಗೆ ಕರೆಯುತ್ತೇವೆ, ಅಷ್ಟೇ ಎಂದು ಹೇಳಿಬಿಟ್ಟಳು. ಮುದುಕಿ ಕುಟ್ಟಿದ ಎಲೆ ಅಡಿಕೆ ಚೀಪುತ್ತ ಪೂರ್ತಿ ಕೇಳಿಸಿಕೊಂಡಳು.

"ನಾ ಈ ಊರಿಗಿ ಸೊಸಿಯಾಗಿ ಬಂದಾಗಿಂದ ನಿಮ್ಮ ಮಾಂವ ಗುರಣ್ಣನ ಮುಂದ ಕುಡಗೋಲ ಹಿಡದ ನಿಂತೇನಿಬೇ. ಹಾಲ ಬಿಡ್ತು, ಹಾಲ ಬಿಡ್ತು ಅಂತ ಆಂವ ಅನ್ನೂದು ಕೇಳಿಲ್ಲ ಅಂತ ತಿಳದಿ? ನನಗ ಗೊತ್ತಿತ್ತು. ಉಳಿದವ್ರಿಗಿ ಹೇಳಬ್ಯಾಡ, ಸುಮ್ಕ ಹೋಗು."

ಹಾಗಾದರೆ ಅಂದು ತಲೆಯ ಮೇಲೆ ಕೈಹೊತ್ತದ್ದು? ಮುದುಕವ್ವ ಇನ್ನೊಂದು ಎಲೆಗೆ ಸುಣ್ಣ ಹಚ್ಚಿದಳು. ಇದನ್ನು ಪತ್ರಿಕೆಯಲ್ಲಿ ಬರೆದರೆ ಉಳಿದವರಿಗೆ ತಿಳಿದುಬಿಡುವುದಲ್ಲ ಎಂದು ಈ ವಾರ ಕೇಳಿದಾಗ ಮಾತ್ರ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಬರೀರಿ ಬರೀರಿ. ಅವ್ರಿಗೂ ಗೊತ್ತೈತಿ. ಒಬ್ಬರಿಗೊಬ್ಬರು ಹೇಳಂಗಿಲ್ಲ, ಅಷ್ಟ."

ಬೇವಿನ ಕೆಳಗೆ ಈಗ ಬಿಸಿಲು ಬಂದಿದೆ. ಸಕ್ರವ್ವ ಉಳಿಯೊಂದನ್ನು ಸಪಾಟು ತುದಿಯಲ್ಲಿ ಮುಗಿಸಿ, ಮುಂಗೈ ಮೇಲೆ ಹಗುರಾಗಿ ಆಡಿಸುತ್ತಾಳೆ. ನಾಲ್ಕು ಕೂದಲು ಸದ್ದಿಲ್ಲದೆ ಉದುರುತ್ತವೆ. ಊರವರೆಲ್ಲ ಈ ಕಲ್ಲನ್ನು "ಆಕಿ" ಎನ್ನುತ್ತಾರೆ, ಸಕ್ರವ್ವ ಮಾತ್ರ ಬೆಳಗಿನಿಂದ "ಅದು" ಎಂದೇ ಹೇಳುತ್ತಿದ್ದಾಳೆ. ಆಕೆಯ ಪಾಲಿಗೆ ಇದು ಕಲ್ಲೋ, ದೇವರೋ?

"ನಾ ಕುಂತಾಗ ಕಲ್ಲ್ರಿ. ನಾ ಎದ್ದ ಹ್ವಾದ ಮ್ಯಾಲ ಅವ್ರಿಗಿ ಏನ ಬೇಕೋ ಅದು ಆಗವಲ್ದ್ಯಾಕ."

ತಗ್ಗಿನ ಹಾಲನ್ನು ಅಂಗೈಯಿಂದ ಬಳಿದು, ನೀರು ಹಾಕಿ ತೊಳೆಯುತ್ತಾಳೆ. ತೊಳೆದ ತಗ್ಗಿನ ಮೇಲೆ ಬೆರಳಾಡಿಸಿ ತೋರಿಸುತ್ತಾಳೆ: ಮೇಲಿನ ಅಂಚಿನಿಂದ ಇಷ್ಟರ ತನಕ ಮಾವ ಸವೆಸಿದ್ದು, ಅಲ್ಲಿಂದ ಕೆಳಗೆ ತಾನು ಸವೆಸಿದ್ದು. ತನ್ನ ಪಾಲು ಮಾವನದಕ್ಕೆ ಹತ್ತಿರ ಬರುತ್ತಿದೆ ಎನ್ನುವಾಗ ಹೆಮ್ಮೆ ಮುಚ್ಚಿಡಲಾಗದೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ಏನಾದರೂ ಆಸೆ ಉಂಟೇ ಎಂದರೆ ಉಳಿ ಕುಡುಗೋಲುಗಳನ್ನು ಬುಟ್ಟಿಗೆ ತುಂಬತೊಡಗುತ್ತಾಳೆ. ಮನೆಯಲ್ಲಿ ಈ ಕೆಲಸ ಮುಂದುವರಿಸುವ ಕೈ ಇನ್ನೂ ಕಂಡಿಲ್ಲ.

"ನಾ ಸತ್ತ ಮ್ಯಾಲ ಪೂಜಿ ಮಾಡ್ರಿ, ಕುಂಕುಮ ಹಚ್ಚರಿ, ಬ್ಯಾಡ ಅನ್ನಂಗಿಲ್ಲ. ಎಣ್ಣಿ ಒಂದ ಹಾಕಬ್ಯಾಡ್ರಿ. ದಿನಾ ಯಾರರ ಒಬ್ಬರು ಬಂದು, ಒಂದ ಕುಡಗೋಲ ಎಳದ ಹೋಗ್ರಿ," ಎನ್ನುತ್ತಾಳೆ. ಬುಟ್ಟಿ ತಲೆಗೆತ್ತಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಕಲ್ಲಿನ ಕಡೆ ನೋಡುತ್ತಾಳೆ.

"ಆಕಿ ಹಾಲ ಬತ್ತಬಾರದು ನೋಡ್ರಿ."